ಮನೆಗೆ ಬರುವ ದಾರಿಯ ಮಾತುಗಳು

(ಸಂಸ್ಥೆಯ ವಾರ್ಷಿಕ ಸಭೆಯ ಸಂದರ್ಭದಲ್ಲಿ ಮಳಗಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಮಾತನಾಡಲು ಕೊಟ್ಟಿರುವ ವಿಷಯ ‘ಮಾತೃಭಾಷೆ ಮತ್ತು ರಾಜ್ಯಭಾಷೆ’ ಎಂಬುದು. ವಿಷಯ ಬಹಳ ದೊಡ್ಡದು. ಇದರ ಮೇಲೆ ನಾವೆಲ್ಲ ಶಾಲೆಯಲ್ಲಿ ಪ್ರಬಂಧ ಬರೆದವರೇ. ‘ಮಾತೃಭಾಷೆ ಕಣ್ಣಿನಂತೆ, ರಾಜ್ಯಭಾಷೆ ಕನ್ನಡಕದಂತೆ’ ಎಂದು ಬರೆದು ಹತ್ತಕ್ಕೆ ಎಂಟು ಅಂಕ ಪಡೆದವರೂ ಈ ಸಭೆಯಲ್ಲಿದ್ದಾರೆ. ಹಾಗೆ ಅಂಕ ಕೊಟ್ಟವಳು ನಾನೇ ಇರಬಹುದು. ಅದಕ್ಕಾಗಿ ಅಧ್ಯಕ್ಷರ ಕ್ಷಮೆ ಕೋರಿ, ಈ ವಿಷಯದ ಒಂದು ಸಣ್ಣ ಮೂಲೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಸಂಜೆ ಕೆಲಸ ಮುಗಿಸಿ ಬಸ್ಸಿನಲ್ಲಿ ಮನೆಗೆ ಬರಲು ಎಷ್ಟು ಭಾಷೆ ಬೇಕು? ಇವತ್ತಿನ ನನ್ನ ಮಾತು ಇಷ್ಟೇ.

ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ನಮ್ಮ ಓಣಿಯ ಒಬ್ಬ ಖಾಲಾ ಮುಂಡಗೋಡದ ಒಂದು ಖಾನಾವಳಿಯಲ್ಲಿ ರೊಟ್ಟಿ ತಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ, ಹೆಸರು ಬೇಡ. ಮಳೆಗಾಲದ ಒಂದು ಸಂಜೆ ಶಿರಸಿ ಕಡೆಯ ಬಸ್ಸು ಹತ್ತಿದರು. ಬಸ್ಸು ತುಂಬಿತ್ತು, ಅವರು ಹಿಂದೆ ನಿಂತಿದ್ದರು. ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ. ನಮ್ಮೂರ ದೀಪಗಳು ಕಂಡವೆಂದು ಅನ್ನಿಸಿದಾಗ ಅವರು ಧೈರ್ಯ ಮಾಡಿ, ‘ಇಲ್ಲಿ ಇಲಿಬೇಕು’ ಎಂದರು. ಪಕ್ಕದ ಹುಡುಗನೊಬ್ಬ, ‘ಅಜ್ಜಿಗೆ ಇಲಿ ಬೇಕಂತೋ!’ ಎಂದ. ಬಸ್ಸೆಲ್ಲ ನಕ್ಕಿತು. ಖಾಲಾ ಬಾಯಿ ಮುಚ್ಚಿಕೊಂಡರು. ಮಳಗಿ ದಾಟಿ ಹೋಯಿತು. ಬಹಳ ಮುಂದೆ ಬೇರೆ ಯಾರೋ ಇಳಿಯುವವರು ಬಸ್ಸು ನಿಲ್ಲಿಸಿದಾಗ ಅವರೊಂದಿಗೆ ಇಳಿದು, ಕಾಡಿನ ರಸ್ತೆಯಲ್ಲಿ ಮಳೆಯಲ್ಲಿ ನೆನೆಯುತ್ತ ಒಬ್ಬರೇ ಹಿಂದಕ್ಕೆ ನಡೆದು ಬಂದರು. ಮಾರನೆಯ ದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಜ್ವರ ಎಂದು ಮನೆಯವರು ಹೇಳಿದರು. ಜ್ವರ ಮೂರು ದಿನದಲ್ಲಿ ಇಳಿಯಿತು, ಅವರು ಮಾತ್ರ ಹದಿನೈದು ದಿನ ಬಸ್ಸು ಹತ್ತಲಿಲ್ಲ. ಅಷ್ಟರಲ್ಲಿ ಖಾನಾವಳಿಯವರು ಬೇರೆಯವರನ್ನು ಇಟ್ಟುಕೊಂಡರು.

ಒಂದು ಅಕ್ಷರ, ಸ್ನೇಹಿತರೆ. ‘ಳ’ ಎನ್ನುವ ಒಂದು ಅಕ್ಷರ. ಉರ್ದು ಲಿಪಿಯಲ್ಲಿ ಈ ಅಕ್ಷರವಿಲ್ಲ, ಉರ್ದು ನಾಲಿಗೆಯಲ್ಲಿ ಈ ಧ್ವನಿಯಿಲ್ಲ. ನಮ್ಮೂರಿನ ಹೆಸರಿನಲ್ಲೇ ಅದು ಇದೆ, ಆದರೂ ನಮ್ಮ ಅನೇಕ ಮನೆಗಳಲ್ಲಿ ಊರಿನ ಹೆಸರು ‘ಮಲ್ಗಿ’ಯೇ. ನಗುವುದಕ್ಕೆ ಇದು ಸಣ್ಣ ಸಂಗತಿ, ಆದರೆ ಒಬ್ಬ ಹೆಂಗಸಿನ ದುಡಿಮೆ ಇದರಿಂದ ಹೋಯಿತು.

ಇನ್ನೊಂದು ಪ್ರಸಂಗ ಬಹಳ ದೂರದ್ದು. ನನ್ನ ಬಿ.ಇಡಿ. ಸಹಪಾಠಿಯೊಬ್ಬಳ ತಮ್ಮ ಫಿನ್ಲೆಂಡ್ ದೇಶದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ರಾಜಧಾನಿ ಹೆಲ್ಸಿಂಕಿಯ ಪಕ್ಕದ ಎಸ್ಪೋ ಎಂಬ ನಗರದಲ್ಲಿ ಅವನ ಮನೆ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ, ಯಾವ ತೊಂದರೆಯೂ ಇಲ್ಲ. ಆದರೆ ಆಫೀಸಿನ ಬಾಗಿಲು ದಾಟಿದ ಕೂಡಲೇ ಭಾಷೆ ಬದಲಾಗುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನಂತೆ. ಹೀಗಾಗಿ ಅವನೂ ನಮ್ಮ ಖಾಲಾನಂತೆ ಕತ್ತಲಲ್ಲೇ ಮನೆಗೆ ಬರುವವನು. ಮೊದಲ ಚಳಿಗಾಲದಲ್ಲಿ ಒಂದು ಸಂಜೆ ಕಿಟಕಿಯ ಪಕ್ಕ ಕುಳಿತಿದ್ದ. ಅಂಚಿನ ಸೀಟಿನಲ್ಲಿ ಒಬ್ಬ ಹಿರಿಯರು. ತನ್ನ ಸ್ಟಾಪು ಬಂತು, ‘ಸ್ವಲ್ಪ ದಾರಿ ಬಿಡಿ’ ಎನ್ನಲು ಮಾತು ಬರಲಿಲ್ಲ, ಇಂಗ್ಲಿಷಿನಲ್ಲಿ ಹೇಳಲು ಯಾಕೋ ಬಾಯಿ ಏಳಲಿಲ್ಲ, ಎರಡು ಸ್ಟಾಪು ಮುಂದೆ ಹೋಗಿ ಇಳಿದ. ಇಂಜಿನಿಯರಿಂಗ್ ಓದಿದವನು, ಕೈಯಲ್ಲಿ ದುಬಾರಿ ಫೋನು ಇದ್ದವನು. ಇದನ್ನು ಅವನು ಅಕ್ಕನಿಗೆ ಫೋನಿನಲ್ಲಿ ಹೇಳಿ ನಕ್ಕ. ನಾನು ನಗಲಿಲ್ಲ, ನನಗೆ ರೊಟ್ಟಿ ತಟ್ಟುವ ಖಾಲಾ ನೆನಪಾದರು.

ಆಮೇಲೆ ಅವನು ಒಂದು ನಿಯಮ ಮಾಡಿಕೊಂಡನಂತೆ. ದೊಡ್ಡ ವ್ಯಾಕರಣದ ಪುಸ್ತಕ ಬದಿಗಿಟ್ಟು, ಮನೆಗೆ ಹೋಗುವ ದಾರಿಯಲ್ಲಿ ಬೇಕಾಗುವ ಮಾತುಗಳನ್ನು ಮಾತ್ರ, ದಿನಕ್ಕೊಂದರಂತೆ, ಅದೇ ಬಸ್ಸಿನಲ್ಲಿ ಕುಳಿತು ಕಲಿಯುವುದು. ‘ಅಂತೇಕ್ಸಿ’ ಎಂದರೆ ಕ್ಷಮಿಸಿ. ‘ಕೀತೊಸ್’ ಎಂದರೆ ಧನ್ಯವಾದ. ‘ಯ್ಯಾನ್ ತ್ಯಾಸ್ಸ್ಯಾ ಪೊಯ್ಸ್’ ಎಂದರೆ ಇಲ್ಲಿ ಇಳಿಯುತ್ತೇನೆ. ‘ಮೆನೆನ್ ಕೊತೀನ್’ ಎಂದರೆ ಮನೆಗೆ ಹೋಗುತ್ತೇನೆ. ನನ್ನ ಉಚ್ಚಾರ ಕೇಳಿದರೆ ಫಿನ್ಲೆಂಡಿನವರು ನಗಬಹುದು, ಅವರಿಗೂ ಒಂದು ಅವಕಾಶ ಇರಲಿ.

ಈ ವಾಕ್ಯಗಳು ನನ್ನ ಫೋನಿಗೂ ಬಂದವು. ಭಾಷೆ ಕಲಿಸುವವಳಾದ ನನಗೆ ಅವುಗಳನ್ನು ಬಿಚ್ಚಿ ನೋಡುವ ಚಟ. ನೋಡಿದಾಗ ಆಶ್ಚರ್ಯವಾಯಿತು. ‘ಮೆನೆನ್’ ಎಂಬಲ್ಲಿ ‘ನಾನು’ ಎಂಬ ಪದವಿಲ್ಲ. ‘ಹೋಗ್ತೀನಿ’ ಎಂದರೆ ಸಾಕು, ನಾನು ಎಂಬುದು ಕ್ರಿಯಾಪದದ ಕೊನೆಯಲ್ಲೇ ಇರುವ ಹಾಗೆ, ಅಲ್ಲಿಯೂ ಕೊನೆಯ ‘ನ್’ ಆ ಕೆಲಸ ಮಾಡುತ್ತದೆ. ‘ಈ ಬಸ್ಸು ಹೋಗುತ್ತದಾ?’ ಎಂದು ಕೇಳಲು ನಾವು ಕ್ರಿಯಾಪದಕ್ಕೆ ‘ಆ’ ಹಚ್ಚುತ್ತೇವೆ. ಅವರು ‘ಕೊ’ ಹಚ್ಚುತ್ತಾರೆ: ‘ಮೆನೇಕೊ ತ್ಯಾಮ್ಯಾ ಬುಸ್ಸಿ’. ‘ಮನೆ’ಗೆ ‘ಅಲ್ಲಿ’, ‘ಇಂದ’ ಸೇರಿಸಿ ಮನೆಯಲ್ಲಿ, ಮನೆಯಿಂದ ಎನ್ನುವಂತೆ ಅವರು ‘ತಲೊ’ಗೆ ಬಾಲ ಸೇರಿಸಿ ‘ತಲೊಸ್ಸ’, ‘ತಲೊಸ್ತ’ ಎನ್ನುತ್ತಾರೆ. ನಮ್ಮ ವಿಭಕ್ತಿಗಳು ಏಳೆಂದು ಬಾಯಿಪಾಠ ಮಾಡುವಾಗಲೇ ಮಕ್ಕಳು ಅಳುತ್ತಾರೆ, ಅಲ್ಲಿ ಹದಿನೈದು ಇವೆಯಂತೆ. ಎಲ್ಲಕ್ಕಿಂತ ತಮಾಷೆಯದು, ಬಸ್ಸಿನಲ್ಲಿ ಹೋಗುತ್ತೇನೆ ಎನ್ನುವಾಗಿನ ‘ಬಸ್ಸಿನಲ್ಲಿ’ಗೆ ಅವರು ‘ಬುಸ್ಸಿಲ್ಲ’ ಎನ್ನುತ್ತಾರೆ. ಇದನ್ನು ಕೇಳಿ ಬಸ್ಸೇ ಇಲ್ಲ ಎಂದುಕೊಂಡು ಯಾರೂ ಮನೆಗೆ ಮರಳಬಾರದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ನಮ್ಮ ವಿದ್ಯಾರ್ಥಿಗಳು ಇಂಥದ್ದನ್ನು ಕೇಳಿದ ಕೂಡಲೇ ಕನ್ನಡವೂ ಫಿನ್ನಿಷ್ ಭಾಷೆಯೂ ಅಕ್ಕತಂಗಿ ಎಂದು ಸ್ಪರ್ಧೆಯಲ್ಲಿ ಬರೆದುಬಿಡುತ್ತಾರೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಎಂಬ ಪಾದ್ರಿಗಳು ಇಂಥ ನಂಟು ಇರಬೇಕೆಂದು ವಾದಿಸಿದ್ದರು. ಹೋಲಿಕೆ ನಿಜ, ಆದರೆ ನಂಟನ್ನು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪಿಲ್ಲ. ಪದಕ್ಕೆ ಪ್ರತ್ಯಯ ಅಂಟಿಸುತ್ತ ಹೋಗುವ ಭಾಷೆಗಳು ಜಗತ್ತಿನಲ್ಲಿ ಅನೇಕ ಇವೆ. ಎರಡು ಊರಿನವರು ಒಂದೇ ಬಗೆಯಲ್ಲಿ ರೊಟ್ಟಿ ತಟ್ಟಿದರೆ ಅವರು ಬೀಗರಾಗಬೇಕೆಂದಿಲ್ಲ.

ಆದರೆ ಆ ಹುಡುಗನಿಗೆ ಈ ಹೋಲಿಕೆಯಿಂದ ಧೈರ್ಯ ಬಂತು. ಇದು ನನಗೆ ಮುಖ್ಯವಾಗಿ ಕಂಡಿತು. ಅಪರಿಚಿತ ಭಾಷೆಯೊಳಗೆ ಮನೆಯ ಒಂದು ಪಾತ್ರೆ ಕಂಡರೂ ಅಂಜಿಕೆ ಕಡಿಮೆಯಾಗುತ್ತದೆ. ಹಾಗಾದರೆ ನಮ್ಮ ಖಾಲಾನಿಗೆ ಕನ್ನಡದೊಳಗೆ ತಮ್ಮ ಮನೆಯ ಪಾತ್ರೆಗಳು ಕಾಣುವುದಿಲ್ಲವೆ? ಫಿನ್ಲೆಂಡಿನ ತನಕ ಹೋಗುವುದು ಬೇಡ. ‘ಜಾಗ ಖಾಲಿ ಐತೇನ್ರಿ?’ ಎಂದು ಬಸ್ಸಿನಲ್ಲಿ ಎಲ್ಲರೂ ಕೇಳುತ್ತಾರೆ. ಮೂರು ಪದಗಳ ಈ ಅಚ್ಚಗನ್ನಡ ವಾಕ್ಯದಲ್ಲಿ ‘ಜಾಗ’ ಪಾರಸಿಯಿಂದ ಬಂದದ್ದು, ‘ಖಾಲಿ’ ಅರಬ್ಬಿಯಿಂದ ಬಂದದ್ದು. ‘ರಸ್ತೆ’ ಪಾರಸಿ. ಕಂಡಕ್ಟರರು ಚೀಟಿಯ ಹಿಂದೆ ಬರೆದುಕೊಡುವ ‘ಬಾಕಿ’ ಅರಬ್ಬಿ. ಇವೆಲ್ಲ ನಮ್ಮ ಮನೆಯಲ್ಲಿ ದಿನವೂ ಓಡಾಡುವ ಪದಗಳು.

ಪದಗಳಷ್ಟೇ ಅಲ್ಲ, ನಮ್ಮ ದಖನಿಯ ವಾಕ್ಯದ ನಡಿಗೆಯೂ ಕನ್ನಡದ ನೆರೆಯಲ್ಲೇ ಬೆಳೆದದ್ದು. ಪುಸ್ತಕದ ಉರ್ದುವಿನಲ್ಲಿ ‘ಅವನು ಹೇಳಿದ ಕಿ ನಾಳೆ ಬರುತ್ತೇನೆ’ ಎಂಬ ಕ್ರಮವಿದೆ. ನಮ್ಮ ಅಡುಗೆಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಕಲ್ ಆತೂಂ ಬೋಲ್‌ಕೆ ಬೋಲ್ಯಾ’ ಎನ್ನುತ್ತೇವೆ. ‘ನಾಳೆ ಬರ್ತೇನಿ ಅಂತ ಹೇಳಿದ’ ಎಂಬ ಕನ್ನಡಕ್ಕೆ ಇದು ಹೆಜ್ಜೆಗೆ ಹೆಜ್ಜೆ ಸರಿಯಾಗುತ್ತದೆ. ‘ಅಂತ’ ಇರುವಲ್ಲಿ ‘ಬೋಲ್‌ಕೆ’ ಇದೆ. ‘ಯಹೀಂಚ್ ಉತರ್ನಾ’ ಎಂದರೆ ‘ಇಲ್ಲೇ ಇಳೀಬೇಕು’. ಆ ‘ಚ್’ ಮರಾಠಿಯ ಕಡೆಯಿಂದ ಬಂದು ಕನ್ನಡದ ‘ಏ’ ಮಾಡುವ ಕೆಲಸವನ್ನೇ ಮಾಡುತ್ತದೆ. ಉತ್ತರದ ಕೆಲವು ಪಂಡಿತರು ನಮ್ಮ ದಖನಿಯನ್ನು ಕೇಳಿ ನಗುತ್ತಾರೆ. ಅವರು ನಗುವ ಜಾಗದಲ್ಲೇ ನಮಗೆ ಕನ್ನಡದ ಬಾಗಿಲು ತೆರೆದಿದೆ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಈಗ ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ನಾನು ವರ್ಷಗಳಿಂದ ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ರಾಜ್ಯದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಬಂದ ಮೇಲೆ ಒಂದನೆಯ ತರಗತಿಯಿಂದಲೇ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕೆಂದಾಗಿದೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ಪಡೆದ ನನ್ನ ಹುಡುಗನೊಬ್ಬ ಮುಂಡಗೋಡ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕಿಟಕಿಯ ಮುಂದೆ ನಿಂತು, ‘ಕೊನೆಯ ಬಸ್ಸು ಹೋಯಿತೇ?’ ಎಂದು ಕೇಳಲಾರದೆ ನನ್ನ ಮುಖ ನೋಡಿದ. ಅವನಿಗೆ ನಾನು ಕೈಲಾಸವಾಸಿಯಾದ ರಾಜನ ಗುಣಗಳನ್ನು ಕಲಿಸಿದ್ದೆ, ಪ್ರವಾಸ ಕುರಿತು ಗೆಳೆಯನಿಗೆ ಪತ್ರ ಬರೆಯುವುದನ್ನು ಕಲಿಸಿದ್ದೆ. ಪ್ರವಾಸದಿಂದ ಮನೆಗೆ ಬರುವುದನ್ನು ಕಲಿಸಿರಲಿಲ್ಲ.

ಪುಸ್ತಕದ ಕನ್ನಡ ಬಸ್ಸಿನಲ್ಲಿ ಓಡುವುದೂ ಇಲ್ಲ. ‘ದಯವಿಟ್ಟು ನನ್ನನ್ನು ಇಲ್ಲಿ ಇಳಿಸುವಿರಾ?’ ಎಂದು ಕೇಳಿದರೆ ಅಷ್ಟರಲ್ಲಿ ಊರು ದಾಟಿರುತ್ತದೆ. ನಮ್ಮ ಕಡೆ ‘ದಯವಿಟ್ಟು’ ಮಾಡುವ ಕೆಲಸವನ್ನೆಲ್ಲ ಒಂದು ‘ರಿ’ ಮಾಡುತ್ತದೆ. ಫಿನ್ನಿಷ್ ಭಾಷೆಯಲ್ಲೂ ಇಂಗ್ಲಿಷಿನ ‘ಪ್ಲೀಸ್’ಗೆ ಸರಿಯಾದ ಪದವೇ ಇಲ್ಲವಂತೆ. ಅಲ್ಲಿಯೂ ಪುಸ್ತಕದ ಮಾತು ಬೇರೆ, ಬೀದಿಯ ಮಾತು ಬೇರೆ. ‘ಮಿನ್ಯಾ ಒಲೆನ್’ ಎಂದು ಪಾಠದಲ್ಲಿ ಕಲಿತರೆ ಬಸ್ಸಿನಲ್ಲಿ ‘ಮ್ಯಾ ಓನ್’ ಎಂದು ಕೇಳಿಸುತ್ತದೆ ಎಂದು ಆ ಹುಡುಗ ಗೋಳಾಡಿದ್ದ.

ಕಳೆದ ವರ್ಷ ನಾವು ಕೆಲವರು ಶಿಕ್ಷಕಿಯರು ಸೇರಿ ವಾರಕ್ಕೆ ಎರಡು ಸಂಜೆ ಹೆಂಗಸರಿಗೆ ಪಾಠ ಆರಂಭಿಸಿದೆವು. ಅ, ಆ, ಇ, ಈ ಇಂದ ಆರಂಭಿಸಲಿಲ್ಲ. ಬೆಂಚುಗಳನ್ನು ಎರಡು ಸಾಲು ಮಾಡಿ ನಡುವೆ ದಾರಿ ಬಿಟ್ಟೆವು. ಒಬ್ಬರು ಡ್ರೈವರ್, ಒಬ್ಬರು ಕಂಡಕ್ಟರ್. ಕಂಡಕ್ಟರ್ ಆಗಲು ಎಲ್ಲರಿಗೂ ಆಸೆ, ‘ರೈಟ್ ರೈಟ್’, ‘ಹೋಲ್ಡಾನ್’ ಎನ್ನಬಹುದಲ್ಲ. ಇವೂ ಈಗ ಕನ್ನಡವೇ. ಕಲಿತ ಮಾತುಗಳು ಇಂಥವು: ‘ಈ ಬಸ್ಸು ಮಳಗಿಗೆ ಹೋಗತೈತೇನ್ರಿ?’, ‘ಮಳಗಿ ಬಂದ್ರ ಹೇಳ್ರಿ’, ‘ಸ್ವಲ್ಪ ಸರೀರಿ’, ‘ಇಲ್ಲೇ ಇಳೀಬೇಕ್ರಿ’, ‘ತಡೀರಿ, ಇನ್ನೂ ಇಳಿಯವ್ರು ಅದೇವಿ’, ‘ಕೊನೇ ಬಸ್ಸು ಹೋತೇನ್ರಿ?’, ‘ಮನೀಗೆ ಒಂದು ಫೋನ್ ಮಾಡಿಕೊಡ್ತೀರೇನ್ರಿ?’

‘ಳ’ಕಾರಕ್ಕೆ ಒಂದು ಉಪಾಯ ಸಿಕ್ಕಿತು. ಉರ್ದುವಿನ ‘ಪಹಾಡ್’, ‘ಗಾಡಿ’ ಎಂಬ ಪದಗಳಲ್ಲಿ ನಾಲಿಗೆ ಹಿಂದಕ್ಕೆ ಮಡಚುತ್ತದೆ. ಅಲ್ಲೇ ನಾಲಿಗೆಯನ್ನು ಹಿಡಿದು ನಿಲ್ಲಿಸಿ ‘ಲ’ ಹೇಳಿದರೆ ‘ಳ’ ಬರುತ್ತದೆ. ಮೊದಲ ದಿನ ಎಲ್ಲರ ಬಾಯಲ್ಲೂ ಇಲಿಗಳೇ ಓಡಾಡಿದವು. ನಾಲ್ಕನೆಯ ದಿನಕ್ಕೆ ಇಳಿಯತೊಡಗಿದರು. ಇನ್ನೂ ಕೆಲವು ತಪ್ಪುಗಳು ಉಳಿದಿವೆ. ‘ಮುಝೆ ಉತರ್ನಾ ಹೈ’ ಎಂಬ ಅಭ್ಯಾಸದಿಂದ ‘ನನಗೆ ಇಳೀಬೇಕು’ ಎನ್ನುತ್ತಾರೆ. ಉರ್ದುವಿನಲ್ಲಿ ಬಸ್ಸು ಹೆಂಗಸಾದ್ದರಿಂದ ‘ಬಸ್ಸು ಬಂದಳು’ ಎನ್ನುವವರೂ ಇದ್ದಾರೆ. ಇಂಥವನ್ನು ನಾನು ತಿದ್ದಲು ಅವಸರ ಮಾಡುವುದಿಲ್ಲ. ಬಸ್ಸು ಬಂದಳು ಎಂದರೂ ಬಸ್ಸು ಬಂದದ್ದು ತಿಳಿಯುತ್ತದೆ.

ತಿದ್ದಲು ಕಷ್ಟವಾದದ್ದು ಬೇರೆ ಒಂದಿದೆ. ಅದು ದನಿ. ಫಿನ್ಲೆಂಡಿನ ಬಸ್ಸಿನಲ್ಲಿ ಇಳಿಯಬೇಕಾದವರು ಒಂದು ಗುಂಡಿ ಒತ್ತಿದರೆ ಮುಂದೆ ದೀಪ ಹತ್ತುತ್ತದೆ. ಪಕ್ಕದವರು ದಾರಿ ಬಿಡಲು ಕೆಲವು ಸಲ ಚೀಲ ಸರಿಪಡಿಸಿಕೊಂಡರೂ ಸಾಕಂತೆ. ಇಲ್ಲಿ ಹಿಂದಿನ ಸೀಟಿನಿಂದ ಮುಂದಿನವರೆಗೆ, ಇಂಜಿನ್ನಿನ ಸದ್ದು, ಮಳೆಯ ಸದ್ದು ದಾಟಿ ಕೇಳಿಸುವಂತೆ ಕೂಗಬೇಕು. ನಮ್ಮ ಹೆಂಗಸರಿಗೆ ಚಿಕ್ಕಂದಿನಿಂದ ‘ಮೆಲ್ಲಗೆ ಮಾತಾಡು’ ಎಂದೇ ಹೇಳಿಕೊಟ್ಟಿದ್ದೇವೆ. ಪಾಠದಲ್ಲಿ ವಾಕ್ಯ ಸರಿಯಾಗಿ ಬರುತ್ತಿತ್ತು, ಪಕ್ಕದ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಕೊನೆಗೆ ನಾನು ಕೊಠಡಿಯ ಹೊರಗೆ ಹೋಗಿ ನಿಂತು, ನನಗೆ ಕೇಳಿಸುವ ತನಕ ಬಸ್ಸು ನಿಲ್ಲುವುದಿಲ್ಲ ಎಂದೆ. ಅಂದಿನ ಗದ್ದಲದ ಬಗ್ಗೆ ಓಣಿಯ ಕೆಲವು ಹಿರಿಯರು ಬೇಸರಪಟ್ಟರೆಂದು ಆಮೇಲೆ ತಿಳಿಯಿತು. ಅವರೂ ಈ ಸಭೆಯಲ್ಲಿದ್ದಾರೆ. ಚಾಚಾ, ತಪ್ಪು ತಿಳಿಯಬೇಡಿ. ಮಗಳು ಬಸ್ಸಿನಲ್ಲಿ ಮೆಲ್ಲಗೆ ಮಾತಾಡಿದರೆ ಕಾಡಿನಲ್ಲಿ ಇಳಿಯಬೇಕಾಗುತ್ತದೆ.

ಒಂದು ವಾಕ್ಯದ ಬಗ್ಗೆ ತರಗತಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ತುಂಬಿದ ಬಸ್ಸಿನಲ್ಲಿ ಹೆಂಗಸರಿಗೆ ಆಗುವ ತೊಂದರೆ ಇಲ್ಲಿರುವ ಎಲ್ಲರಿಗೂ ಗೊತ್ತು, ಬಿಡಿಸಿ ಹೇಳುವುದು ಬೇಡ. ಅದಕ್ಕಾಗಿ ನಾನು ‘ಕೈ ತಗೀರಿ’ ಎಂದು ಹಲಗೆಯ ಮೇಲೆ ಬರೆದಿದ್ದೆ. ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಎದ್ದು ಬಂದು ಕೊನೆಯ ‘ರಿ’ ಒರೆಸಿ, ‘ಟೀಚರ್, ಅಂಥವರಿಗೆ ರಿ ಯಾಕ್ರಿ?’ ಎಂದಳು. ಎಲ್ಲರೂ ಒಪ್ಪಿದರು. ಗೌರವಸೂಚಕ ಪ್ರತ್ಯಯದ ಮೇಲೆ ಇಷ್ಟು ಒಳ್ಳೆಯ ಪಾಠವನ್ನು ಬಿ.ಇಡಿ.ಯಲ್ಲಿ ನನಗೆ ಯಾರೂ ಮಾಡಿರಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸು ಹತ್ತುವ ನಮ್ಮ ಹೆಂಗಸರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ದುಡ್ಡು ಬೇಡ, ಗುರುತಿನ ಚೀಟಿ ತೋರಿಸಿದರೆ ಸಾಕು. ಆದರೂ ಶೂನ್ಯ ಟಿಕೆಟ್ ಕೊಡುವ ಮುನ್ನ ಕಂಡಕ್ಟರರು ‘ಎಲ್ಲಿಗವ್ವಾ?’ ಎಂದು ಕೇಳಿಯೇ ಕೇಳುತ್ತಾರೆ. ಟಿಕೆಟಿನ ದುಡ್ಡನ್ನು ಸರ್ಕಾರ ಕೊಡಬಹುದು, ಉತ್ತರ ನಾವೇ ಕೊಡಬೇಕು.

ಇನ್ನೊಂದು ಮಾತು. ಕನ್ನಡ ಮನೆಮಾತಲ್ಲದವರು ನಾವಷ್ಟೇ ಎಂಬ ಸಂಕೋಚ ಬೇಡ. ನಮ್ಮ ತಾಲ್ಲೂಕಿನ ಯಾವ ಬಸ್ಸನ್ನಾದರೂ ನೋಡಿ. ಲಂಬಾಣಿ ಮಾತಾಡುವವರು, ಮರಾಠಿಯವರು, ಕೊಂಕಣಿಯವರು, ಗೌಳಿಗಳು, ಸಿದ್ದಿಗಳು. 1966ರಿಂದ ಮುಂಡಗೋಡದ ನಿರಾಶ್ರಿತರ ವಸತಿಯಲ್ಲಿ ನೆಲೆಸಿರುವ ಟಿಬೆಟನ್ನರು. ಒಮ್ಮೆ ಕೆಂಪು ನಿಲುವಂಗಿಯ ಒಬ್ಬ ಬೌದ್ಧ ಸನ್ಯಾಸಿ, ಹಿಮಾಲಯದ ಆಚೆಯ ನಾಲಿಗೆಯವರು, ‘ತಡೀರಿ, ಇಳೀಬೇಕ್ರಿ!’ ಎಂದು ಬಸ್ಸು ನಡುಗುವಂತೆ ಕೂಗಿದ್ದನ್ನು ನಾನೇ ಕೇಳಿದ್ದೇನೆ. ಅವರ ‘ಳ’ ನಮಗಿಂತ ಚೆನ್ನಾಗಿತ್ತೆಂದು ಹೇಳಲಾರೆ, ಆದರೆ ಬಸ್ಸು ನಿಂತಿತು.

ಫಿನ್ಲೆಂಡಿನಲ್ಲಿ ಹೊಸದಾಗಿ ಬಂದವರು ಆ ದೇಶಕ್ಕೆ ಒಗ್ಗಿಕೊಳ್ಳಲು ಸರ್ಕಾರವೇ ಭಾಷೆ ಕಲಿಸುವ ವ್ಯವಸ್ಥೆ ಮಾಡಿದೆ. ಅದಕ್ಕೆ 1999ರಲ್ಲೇ ಕಾಯ್ದೆ ಬಂತು. ಆ ಒಗ್ಗಿಕೊಳ್ಳುವಿಕೆಗೆ ಅವರ ಭಾಷೆಯಲ್ಲಿ ‘ಕೊತೌತುಮಿನೆನ್’ ಎಂಬ ಪದವಿದೆ. ಅದರ ಬೇರು ‘ಕೊತಿ’, ಎಂದರೆ ಮನೆ. ಅಲ್ಲಿಗೆ ಬಂದವರು ಹೊರಗಿನವರು, ಅವರಿಗೆ ಮನೆಯೆನಿಸಬೇಕು. ನಾವಾದರೋ ಹೊರಗಿನಿಂದ ಬಂದವರಲ್ಲ, ತಲೆಮಾರುಗಳಿಂದ ಈ ಮಳಗಿಯವರು. ನಮಗೆ ಬೇಕಾದದ್ದು ಈಗಾಗಲೇ ಇರುವ ಮನೆಗೆ ರಾತ್ರಿ ಎಂಟರೊಳಗೆ ಬಂದು ಸೇರುವಷ್ಟು ಮಾತು.

ಆದ್ದರಿಂದ ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಚಿಕ್ಕದು. ಸಂಜೆಯ ಪಾಠಕ್ಕೆ ಒಂದು ಕೊಠಡಿ ಮತ್ತು ದೀಪ ವರ್ಷಪೂರ್ತಿ ಬೇಕು. ಮಳೆಗಾಲದಲ್ಲಿ ಕರೆಂಟು ಹೋದಾಗ ಉರಿಯುವ ದೀಪವಾದರೆ ಇನ್ನೂ ಒಳ್ಳೆಯದು. ವಿದ್ಯಾರ್ಥಿಗಳಲ್ಲಿ ಒಂದು ಮಾತು: ಬಸ್ಸಿನಲ್ಲಿ ಯಾರಾದರೂ ಇಲಿ ಬೇಕೆಂದರೆ ನೀವು ನಗುವ ಮುಂಚೆ ಕಂಡಕ್ಟರರಿಗೆ ‘ಹೋಲ್ಡಾನ್’ ಎನ್ನಿ. ಬೇಕಾದರೆ ಆಮೇಲೆ ನಗಬಹುದು, ಅವರು ಇಳಿದಿರುತ್ತಾರೆ.

ಆ ಖಾಲಾ ಈಗ ಬೇರೆ ಕಡೆ ಕೆಲಸಕ್ಕೆ ಹೋಗುತ್ತಿದ್ದಾರೆ, ಅದೇ ಸಂಜೆಯ ಬಸ್ಸಿನಲ್ಲಿ ಬರುತ್ತಾರೆ. ಹೋದ ವಾರ ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದು, ‘ಟೀಚರ್, ಬಸ್ಸಿಂದು ಆಯ್ತು. ಪಗಾರ ಹೆಚ್ಚು ಮಾಡ್ರಿ ಅಂತ ಕೇಳೋದು ಹೆಂಗ?’ ಎಂದರು. ವಾಕ್ಯ ಬರೆದುಕೊಟ್ಟಿದ್ದೇನೆ. ಈ ಗುರುವಾರದ ಪಾಠದಲ್ಲಿ ನಾನು ಮಾಲಕಳ ಪಾತ್ರ ಮಾಡಬೇಕು, ಅವರು ಕೇಳಬೇಕು. ಸುಲಭವಾಗಿ ಒಪ್ಪಬೇಡಿ ಎಂದು ನನಗೆ ತಾಕೀತು ಮಾಡಿ ಹೋಗಿದ್ದಾರೆ.